ಕಡಲೆ ಬೀಜಕ್ಕೆ ಲಘು ಪೋಷಕಾಂಶ ಲೇಪಿಸಿದರೆ ಮಣ್ಣಿಗೆ ಹಾಕುವುದನ್ನು ಬಿಡಬಹುದೇ?

ರೋಣ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಕಡಲೆ ಬಿತ್ತುವ ಮುನ್ನ ಬೀಜಕ್ಕೆ ಸತು, ಬೋರಾನ್, ಮಾಲಿಬ್ಡಿನಮ್ ಲೇಪಿಸಿದರೆ ಇಳುವರಿ ಹೆಚ್ಚುವುದೇ, ಹಾಗೆ ಮಾಡಿದ ಮೇಲೆ ಮಣ್ಣಿಗೆ ಸತುವಿನ ಲವಣವಾದ ಜಿಂಕ್ ಸಲ್ಫೇಟ್ ಹಾಕುವುದನ್ನು ಬಿಡಬಹುದೇ ಎಂದು ತಾವು ಕೇಳಿದ್ದೀರಿ. ನಾನು ಅಣ್ಣಿಗೇರಿ ಭಾಗದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬೆಳೆಯುವ ರೈತ. ಈ ಮೂರು ಪೋಷಕಾಂಶಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಮೊದಲು ಸತುವಿನ ಲೆಕ್ಕ ನೋಡಿ. ಎಕರೆಗೆ 25 ಕಿಲೋ ಬೀಜ ಹಿಡಿದು, ಕಿಲೋಗೆ 4 ಗ್ರಾಂನಂತೆ ಜಿಂಕ್ ಸಲ್ಫೇಟ್ ಲೇಪಿಸಿದರೆ 100 ಗ್ರಾಂ ಆಗುತ್ತದೆ. ಅದರಲ್ಲಿ ಸತುವಿನ ಪಾಲು ಶೇಕಡಾ 21, ಅಂದರೆ 21 ಗ್ರಾಂ ಮಾತ್ರ. ಮಣ್ಣಿಗೆ ಎಕರೆಗೆ 10 ಕಿಲೋ ಹಾಕಿದಾಗ ಸಿಗುವುದು 2 ಕಿಲೋಗಿಂತ ಹೆಚ್ಚು. ಆದ್ದರಿಂದ ಮಣ್ಣು ಪರೀಕ್ಷೆಯಲ್ಲಿ ಸತು 0.6 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 0.6 ಪಾಲು) ಕಡಿಮೆ ಬಂದಿದ್ದರೆ ದಯವಿಟ್ಟು ಮಣ್ಣಿಗೆ ಹಾಕುವುದನ್ನು ಬಿಡಬೇಡಿ. ಆದರೂ ಲೇಪನ ವ್ಯರ್ಥವಲ್ಲ. ಹಿಂಗಾರಿ ಕಡಲೆ ಬೆಳೆಯುವುದೇ ಮಣ್ಣಿನಲ್ಲಿ ಉಳಿದ ತೇವದ ಮೇಲೆ. ಮೇಲ್ಮಣ್ಣು ಒಣಗಿದಂತೆ ಅಲ್ಲಿರುವ ಸತು ಬೇರಿಗೆ ಸಿಗದಾಗುತ್ತದೆ, ಅಷ್ಟರೊಳಗೆ ಬೇರು ಕೆಳಗಿಳಿದಿರಬೇಕು. ಮೊಳಕೆಯ ಪಕ್ಕದಲ್ಲೇ ಇರುವ ಆ ಅಲ್ಪ ಸತು ಈ ಮೊದಲ ದಿನಗಳಲ್ಲಿ ನೆರವಾಗುತ್ತದೆ.

ಮಾಲಿಬ್ಡಿನಮ್ ವಿಷಯ ಬೇರೆ. ಗಾಳಿಯ ಸಾರಜನಕವನ್ನು ಬೇರುಗಂಟಿನಲ್ಲಿ ಹಿಡಿದಿಡುವ ಕಿಣ್ವಕ್ಕೆ ಇದು ಬೇಕೇ ಬೇಕು, ಆದರೆ ಇಡೀ ಬೆಳೆಗೆ ಎಕರೆಗೆ ಕೆಲವೇ ಗ್ರಾಂ ಸಾಕು. ಕಿಲೋ ಬೀಜಕ್ಕೆ 1 ಗ್ರಾಂ ಅಮೋನಿಯಂ ಮಾಲಿಬ್ಡೇಟ್ ಕೊಟ್ಟರೂ ಎಕರೆಗೆ ಸುಮಾರು 13 ಗ್ರಾಂ ಮಾಲಿಬ್ಡಿನಮ್ ಸೇರುವುದರಿಂದ, ಬೀಜೋಪಚಾರವೊಂದೇ ಬೆಳೆಯ ಅಗತ್ಯವನ್ನು ಪೂರೈಸಬಲ್ಲದು. ಒಂದು ಮಾತು ಮಾತ್ರ ಗಮನದಲ್ಲಿರಲಿ: ಎರೆಯಂತಹ ಕ್ಷಾರ ಗುಣದ ಮಣ್ಣಿನಲ್ಲಿ ಇದು ಬೆಳೆಗೆ ಸಹಜವಾಗಿಯೇ ಹೆಚ್ಚು ಸಿಗುತ್ತದೆ. ಹಾಗಾಗಿ ಕಲಘಟಗಿ ಕಡೆಯ, ಮಳೆಗೆ ತೊಳೆದು ಹುಳಿ ಗುಣಕ್ಕೆ ತಿರುಗಿದ ಕೆಂಪು ಮಣ್ಣಿನ ಸೋಯಾಬೀನಿಗೆ ಆಗುವಷ್ಟು ಲಾಭವನ್ನು ನಿಮ್ಮ ಎರೆಯಲ್ಲಿ ನಿರೀಕ್ಷಿಸಬೇಡಿ.

ಬೋರಾನನ್ನು ಬೀಜಕ್ಕೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಾಕಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ, ತುಸು ಹೆಚ್ಚಾದರೂ ಮೊಳಕೆ ಕೆಡುತ್ತದೆ. ಕೊರತೆ ಖಚಿತವಾಗಿದ್ದರೆ ಹೂವಾಡುವ ಹೊತ್ತಿಗೆ ಸಿಂಪಡಿಸುವುದೇ ಲೇಸು.

ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಮೊದಲ ವರ್ಷ ಜಿಂಕ್ ಸಲ್ಫೇಟ್ ಮತ್ತು ರೈಜೋಬಿಯಂ (ಬೇರುಗಂಟು ಕಟ್ಟಿಸುವ ಜೀವಾಣು) ಎರಡನ್ನೂ ಒಂದೇ ಬೆಲ್ಲದ ಪಾಕದಲ್ಲಿ ಕಲಸಿ ಬಿತ್ತಿದೆ. ಆ ಹೊಲದಲ್ಲಿ ಬೇರುಗಂಟುಗಳು ತೀರಾ ವಿರಳವಾಗಿದ್ದವು. ಗಾಢವಾದ ಲವಣದ್ರಾವಣದಲ್ಲಿ ಜೀವಾಣುಗಳು ಸಾಯುತ್ತವೆ. ಈಗ ಶಿಲೀಂಧ್ರನಾಶಕ ಮೊದಲು, ಪೋಷಕಾಂಶ ನಂತರ. ಅದು ನೆರಳಲ್ಲಿ ಪೂರ್ತಿ ಒಣಗಿದ ಮೇಲೆ, ಬಿತ್ತುವ ದಿನವೇ ರೈಜೋಬಿಯಂ ಹಚ್ಚುತ್ತೇನೆ.

ಇಳುವರಿ ಎಷ್ಟು ಹೆಚ್ಚುತ್ತದೆ ಎಂಬುದು ನಿಮ್ಮ ಮಣ್ಣಿನ ಕೊರತೆಯನ್ನೂ ಆ ವರ್ಷದ ತೇವವನ್ನೂ ಅವಲಂಬಿಸಿರುವುದರಿಂದ, ನಾಲ್ಕು ಸಾಲುಗಳಿಗೆ ಪೋಷಕಾಂಶ ಲೇಪಿಸದ ಬೀಜ ಬಿತ್ತಿ ಹೋಲಿಸಿ ನೋಡಿ. ಸುಮಾರು 40 ದಿನಕ್ಕೆ ಎರಡೂ ಕಡೆಯಿಂದ ಗಿಡಗಳನ್ನು ಕೀಳದೆ, ಹೆಂಟೆ ಸಮೇತ ಅಗೆದು ಬಕೆಟ್ ನೀರಿನಲ್ಲಿ ನೆನೆಹಾಕಿ. ಕಿತ್ತರೆ ಗಂಟುಗಳು ಎರೆಮಣ್ಣಿನಲ್ಲೇ ಉಳಿದುಬಿಡುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸ ಮಾಡುತ್ತಿದೆ, ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ.