ಹಂಚಿನ ಮನೆಗೆ ಎಂಥ ಸ್ಪೀಕರ್ ತಗೊಳ್ಳೋದು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಹಂಚಿನ ಮನೆ. ಟಿ.ವಿ. ಇರುವ ಹಾಲ್ 12 ಅಡಿಗೆ 18 ಅಡಿ. ಸಿನಿಮಾ ಹಾಕಿದರೆ ಮಾತು ಸರಿಯಾಗಿ ಕೇಳುವುದಿಲ್ಲ, ವಾಲ್ಯೂಮ್ ಜಾಸ್ತಿ ಮಾಡಿದರೆ ಫೈಟಿಂಗ್ ಬಂದಾಗ ಮನೆಯವರೆಲ್ಲ ಬೈಯುತ್ತಾರೆ. ಬಜೆಟ್ 30 ಸಾವಿರ. ಅಂಗಡಿಯಲ್ಲಿ ಐದು ಸ್ಪೀಕರ್, ಒಂದು ವೂಫರ್ ಇರುವ ‘1000 ವ್ಯಾಟ್’ ಸೆಟ್ ತೋರಿಸಿದರು. ತಗೊಳ್ಳಬಹುದಾ? ಬೇಸಿಗೆಯಲ್ಲಿ ವೋಲ್ಟೇಜ್ ತುಂಬಾ ಕಡಿಮೆ. ಇನ್ವರ್ಟರ್ ಇದೆ.

ಉತ್ತರ: ಬೇಡ. ಆ ಸೆಟ್ಟಿನ ವೂಫರನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಿ. ಕರೆಂಟು ಎಷ್ಟು ಎಳೆಯುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಲ್ಲಿ 80 ವ್ಯಾಟ್ ಅಂತಿದ್ದರೆ ಮುಗಿಯಿತು. ಗೋಡೆಯಿಂದ 80 ತಗೊಂಡು 1000 ಕೊಡುವ ಮೆಷಿನ್ ಯಾರೂ ಮಾಡಿಲ್ಲ. ಡಬ್ಬದ ಮೇಲಿನ ಪಿ.ಎಂ.ಪಿ.ಒ. (ಒಂದು ಕ್ಷಣದ ಗರಿಷ್ಠ ಶಕ್ತಿ ಅಂತ ಹೇಳಿಕೊಳ್ಳುವ) ಅಂಕಿಗೆ ಅರ್ಥವೇ ಇಲ್ಲ. ಕೇಳಬೇಕಾದ್ದು ಆರ್.ಎಂ.ಎಸ್. ಅಂಕಿ, ಅಂದರೆ ಬಿಡದೆ ಕೊಡಬಲ್ಲ ವ್ಯಾಟ್.

ಅಷ್ಟಕ್ಕೂ ನಿಮಗೆ ಅಷ್ಟೊಂದು ವ್ಯಾಟ್ ಬೇಕಾಗಿಯೂ ಇಲ್ಲ. ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಾಲು ಇರುತ್ತದೆ. ಅದು 88 ಡೆಸಿಬೆಲ್ (ಸದ್ದಿನ ಅಳತೆ) ಇದ್ದರೆ, ಬರೀ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಅಂತ. ನೀವು ಕೂರುವ ಮೂರು ಮೀಟರ್ ದೂರಕ್ಕೆ ಅದು ಹೆಚ್ಚುಕಡಿಮೆ 80 ಆಗುತ್ತದೆ. ಅದೇ ಸಾಕಷ್ಟು ಜೋರು. ವ್ಯಾಟ್ ದುಪ್ಪಟ್ಟಾದರೆ ಸಿಗುವುದು ಬರೀ 3 ಡೆಸಿಬೆಲ್. 16 ವ್ಯಾಟಿಗೆ 12 ಡೆಸಿಬೆಲ್ ಜಾಸ್ತಿ ಆಯಿತು, ಅಲ್ಲಿಗೆ ಪಕ್ಕದ ಮನೆಗೂ ಕೇಳುತ್ತದೆ. ಹಾಗಾಗಿ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ ಜಾಸ್ತಿ ಇರುವುದನ್ನು ಹುಡುಕಿ.

ನನ್ನ ಸಲಹೆ ಇಷ್ಟೇ: ಐದು ಸುಮಾರಾದ ಸ್ಪೀಕರ್ ಬದಲು ಎರಡು ಒಳ್ಳೆಯವು. ಐದು ಅಥವಾ ಆರು ಇಂಚಿನ ವೂಫರ್ (ಬೇಸ್ ಕೊಡುವ ದೊಡ್ಡ ಕೋನ್) ಇರುವ, ಕಪಾಟಿನಲ್ಲಿ ಕೂರುವಷ್ಟು ದೊಡ್ಡ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರಿಗೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಹಾಕಿ. ಟಿ.ವಿ.ಯ ಆಚೆ ಈಚೆ ಕಿವಿಯ ಎತ್ತರಕ್ಕೆ ಇಟ್ಟು ಮಧ್ಯದಲ್ಲಿ ಕೂತರೆ ಮಾತು ಟಿ.ವಿ.ಯ ನಡುವಿನಿಂದಲೇ ಬಂದ ಹಾಗೆ ಕೇಳುತ್ತದೆ. ಸಬ್ ವೂಫರ್ ಬೇಕಿದ್ದರೆ ಅಡಿಕೆ ದುಡ್ಡು ಬಂದ ಮೇಲೆ ನೋಡಿದರಾಯಿತು.

ಇಂಥ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ (ಆಂಪ್) ಬೇರೆ ಬೇಕು. ಆ ವಿಷಯದಲ್ಲಿ ನಿಮ್ಮ ಊರಿನ ಕರೆಂಟೇ ತೀರ್ಮಾನ ಮಾಡುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಥರದ ಆಂಪ್, ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಸೊರಗುತ್ತದೆ. ಕ್ಲಾಸ್ ಡಿ ಅನ್ನುವ ಪುಟ್ಟ ಆಂಪ್‌ಗಳು ಲ್ಯಾಪ್‌ಟಾಪಿನಂಥ ಅಡಾಪ್ಟರಿನಲ್ಲಿ ನಡೆಯುತ್ತವೆ. ಅಡಾಪ್ಟರ್ ಮೇಲೆ ‘100–240 ವೋಲ್ಟ್’ ಅಂತ ಇರಬೇಕು. ಆಗ 150ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಇಲ್ಲಿಯೂ ಡಬ್ಬದ ಅಂಕಿ ನಂಬಬೇಡಿ. 24 ವೋಲ್ಟ್ ಅಡಾಪ್ಟರಿನಲ್ಲಿ 8 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಸಿಗುವುದು ಒಂದೊಂದು ಕಡೆಗೆ 30 ವ್ಯಾಟ್ ಆಸುಪಾಸು. ನಿಮಗೆ ಅಷ್ಟು ಧಾರಾಳ. ಇನ್ವರ್ಟರಿಗೂ ಇದು ಭಾರವಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಗುಂಯ್ ಅನ್ನುವ ಸದ್ದು ಬರಬಹುದು, ಸೈನ್ ವೇವ್ ಒಳ್ಳೆಯದು.

ಟಿ.ವಿ.ಯಿಂದ ಆಪ್ಟಿಕಲ್ ಅಥವಾ ಎಚ್.ಡಿ.ಎಂ.ಐ. ಎ.ಆರ್.ಸಿ. ವೈರ್ ಎಳೆದ ಮೇಲೆ ಸದ್ದೇ ಬರದಿದ್ದರೆ ಗಾಬರಿ ಬೇಡ. ಟಿ.ವಿ.ಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿ.ಸಿ.ಎಂ.ಗೆ (ಡಾಲ್ಬಿಯಂತೆ ಒತ್ತಿ ಕಟ್ಟದ ಸಾದಾ ಸದ್ದಿಗೆ) ಬದಲಿಸಿ. ಸಣ್ಣ ಆಂಪ್‌ಗಳಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ. ಅಲ್ಲೇ ನೈಟ್ ಮೋಡ್ ಥರದ್ದು ಇದ್ದರೆ ಆನ್ ಮಾಡಿ. ಮಾತನ್ನು ಎತ್ತಿ ಫೈಟಿಂಗನ್ನು ತಗ್ಗಿಸುವುದೇ ಅದರ ಕೆಲಸ. ಬೈಗುಳ ಅರ್ಧ ಕಮ್ಮಿ ಆಗುತ್ತದೆ.

ವೈರ್ ಜೋಡಿಸುವಾಗ ಪ್ಲಸ್ಸು ಮೈನಸ್ಸು ಎರಡೂ ಕಡೆ ಒಂದೇ ಥರ ಇರಬೇಕು. ಒಂದು ಉಲ್ಟಾ ಆದರೂ ಬೇಸ್ ಮಾಯವಾಗಿ, ಮಾತು ನಡುವಲ್ಲಿ ನಿಲ್ಲುವುದಿಲ್ಲ. ಅನುಮಾನ ಬಂದರೆ ಆಂಪ್ ಕಡೆಯ ವೈರ್ ಬಿಚ್ಚಿ, ಅದರ ತುದಿಗಳನ್ನು ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲಿಗೆ ಒಂದು ಕ್ಷಣ ತಾಗಿಸಿ. ಜಾಲರಿ ತೆಗೆದು ನೋಡುತ್ತಿರಿ. ವೂಫರ್ ಟಪ್ ಅಂತ ಮುಂದಕ್ಕೆ ಬಂದರೆ, ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಪ್ಲಸ್. ಎರಡನೇ ಸ್ಪೀಕರಿಗೂ ಹಾಗೇ ಮಾಡಿ, ಗುರುತು ಹಾಕಿಕೊಳ್ಳಿ. ವೈರನ್ನು ಅಟ್ಟದ ಮೇಲೆ ಬಿಡುವುದಾದರೆ ಪೈಪಿನೊಳಗೆ ಹಾಕಿ. ಇಲಿಗೆ ಅದೆಂಥ ರುಚಿಯೋ!

ಥಂಡಿಯ ಮಾತು. ವೂಫರಿನ ಸುತ್ತ ಫೋಮ್ ಇರುವುದು ಬೇಡ, ಕಾಲ ಕಳೆದಂತೆ ಪುಡಿಯಾಗುತ್ತದೆ. ರಬ್ಬರ್ ಇರಲಿ. ಎಂ.ಡಿ.ಎಫ್. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸಿ ಇಡಬೇಡಿ. ನೀರು ಕುಡಿದು ಉಬ್ಬುತ್ತದೆ, ಗೆದ್ದಲಿಗೂ ದಾರಿ.

ಸಿಡಿಲಿಗೆ ಯಾವ ಸ್ಪೈಕ್ ಗಾರ್ಡನ್ನೂ ನಂಬಬೇಡಿ. ಭರಣಿ, ಕೃತ್ತಿಕೆ ಮಳೆ ಹೊತ್ತಿಗೆ ಮೋಡ ಕಟ್ಟಿತು ಅಂದರೆ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಜೊತೆಗೆ ಡಿಶ್ಶಿನ ವೈರನ್ನೂ ಕೀಳಿ, ಎಷ್ಟೋ ಜನ ಅದನ್ನು ಮರೆಯುತ್ತಾರೆ. ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಇನ್ನು ಆರಿದ್ರೆ ಮಳೆ ಹಂಚಿನ ಮೇಲೆ ಹೊಡೆಯುವಾಗ ಗೆಲ್ಲುವ ಸ್ಪೀಕರ್ 30 ಸಾವಿರಕ್ಕೆ ಸಿಗುವುದಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಳ್ಳಿ. ದೂರ ಅರ್ಧ ಆದರೆ 5-6 ಡೆಸಿಬೆಲ್‌ವರೆಗೂ ಪುಕ್ಕಟೆ ಸಿಗುತ್ತದೆ.

ಪ್ರಶ್ನೆ: ನನ್ನ ಆಂಪ್ಲಿಫೈಯರ್ ಹಿಂದೆ ‘8 ಓಮ್’ ಅಂತ ಬರೆದಿದೆ. ಒಂದೇ ಕಡೆಗೆ ಎರಡೆರಡು ಸ್ಪೀಕರ್ ಕೊಡಬಹುದಾ? (ಶಿವಮೊಗ್ಗದಿಂದ)

ಉತ್ತರ: 8 ಓಮಿನ ಎರಡನ್ನು ಪ್ಯಾರಲಲ್ ಆಗಿ (ಎರಡರ ಪ್ಲಸ್ಸೂ ಒಂದೇ ಕಡೆ, ಮೈನಸ್ಸೂ ಒಂದೇ ಕಡೆ) ಕೊಟ್ಟರೆ 4 ಓಮ್ ಆಗುತ್ತದೆ, ಆಂಪ್ ಮೇಲೆ ದುಪ್ಪಟ್ಟು ಹೊರೆ. ಮೆಲ್ಲಗೆ ಹಾಕಿದಾಗ ನಡೆದ ಹಾಗೆ ಕಾಣುತ್ತದೆ, ಜೋರು ಮಾಡಿದಾಗ ಬಿಸಿಯಾಗಿ ಬಂದ್ ಆಗುತ್ತದೆ. 4 ಓಮ್ ಕೊಟ್ಟರೂ ನಡೆಯುತ್ತದೆ ಅಂತ ಆಂಪ್ ಮೇಲೇ ಬರೆದಿದ್ದರೆ ಮಾತ್ರ ಕೊಡಿ.

ಪ್ರಶ್ನೆ: ಸಾಗರದ ನಮ್ಮ ಮನೆಯ ಉಪ್ಪರಿಗೆಯಲ್ಲಿ ಸಬ್ ವೂಫರ್ ಹಾಕಿದರೆ ಹಲಗೆಯೆಲ್ಲ ಗುಡುಗುಡು ಅನ್ನುತ್ತದೆ.

ಉತ್ತರ: ಮೂಲೆಯಲ್ಲಿ ಇಟ್ಟಿದ್ದೀರಿ ಅನ್ನಿಸುತ್ತದೆ. ಮೂಲೆಯಲ್ಲಿ ಬೇಸ್ ಊದಿಕೊಳ್ಳುತ್ತದೆ. ನಾಲ್ಕಾರು ಅಡಿ ಸರಿಸಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಎಷ್ಟು ಹರ್ಟ್ಸ್ ವರೆಗಿನ ಸದ್ದು ವೂಫರಿಗೆ ಹೋಗಬೇಕು ಅಂತ ತೀರ್ಮಾನಿಸುವ ಕ್ರಾಸ್ಓವರ್ ತಿರುಪನ್ನು 80 ಹರ್ಟ್ಸ್‌ಗೆ ಇಡಿ. ಆಮೇಲೂ ನಿಲ್ಲದಿದ್ದರೆ ವೂಫರನ್ನು ಕೆಳಗಿನ ಸಿಮೆಂಟ್ ನೆಲದ ಕೋಣೆಗೆ ಇಳಿಸಿ.