ಪೆನಾಲ್ಟಿ ಕಾರ್ನರ್: ನೆಟ್‌ಗೆ ಹೋದರೂ ಗೋಲು ಯಾಕಿಲ್ಲ?
ಸರ್, ದಾವಣಗೆರೆಯ ಹಾಕಿ ಪಂದ್ಯದಲ್ಲಿ ಮಗಳು ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿಯ ತಪ್ಪಿಗೆ ಸಿಗುವ, ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಶುರುಮಾಡುವ ಅವಕಾಶ) ಹೊಡೆದ ಚೆಂಡು ನೆಟ್‌ಗೆ ಹೋದರೂ ಗೋಲು ಕೊಡಲಿಲ್ಲ ಅಂದಿರಲ್ಲ, ಚೆಂಡು ಎಷ್ಟು ಎತ್ತರದಲ್ಲಿತ್ತು? ಮೊದಲ ಶಾಟ್ ಸ್ಟಿಕ್ ಬೀಸಿ ಹೊಡೆದ ಹಿಟ್ ಆಗಿದ್ದರೆ, ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿರಬಾರದು. ಗೋಲಿನೊಳಗಿನ ಹಲಗೆಯ ಎತ್ತರವೂ ಅಷ್ಟೇ. ಹಲಗೆಗೆ ಬಡಿದು ‘ಠಪ್’ ಅಂದರೆ ಗೋಲು, ನೇರವಾಗಿ ಮೇಲಿನ ಬಲೆಗೆ ಹೋದರೆ ಇಲ್ಲ. ಡಿಫೆಂಡರ್ ಸ್ಟಿಕ್‌ಗೆ ತಗುಲಿ ಎದ್ದಿದ್ದರೆ ಮಾತ್ರ ಬೇರೆ ಮಾತು.

ಸ್ಟಿಕ್ ಬೀಸದೆ ಚೆಂಡನ್ನು ಎಳೆದುಕೊಂಡು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಇಲ್ಲ, ಅಪಾಯಕಾರಿ ಆಗಿರಬಾರದು ಅಷ್ಟೇ. ಭಾರತದ ಹಾಕಿ ಆಟಗಾರ ಹರ್ಮನ್‌ಪ್ರೀತ್ ಸಿಂಗ್ ಫ್ಲಿಕ್ ಮಾಡುವುದನ್ನು ನೋಡಿದ್ದೀರಲ್ವಾ?

ಇನ್ನೊಂದು ವಿಷಯ. ಗೋಲಿಗೆ ಹೊಡೆಯುವ ಮೊದಲು ಚೆಂಡು ಗೋಲಿನ ಮುಂದಿನ ವೃತ್ತದಿಂದ ಹೊರಗೆ ಬರಲೇಬೇಕು. ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಬೇಗ ಅಳಿಸಿಹೋಗುತ್ತದೆ, ಮಕ್ಕಳು ಅವಸರದಲ್ಲಿ ಒಂದಡಿ ಒಳಗೇ ನಿಲ್ಲಿಸಿ ಹೊಡೆದುಬಿಡುತ್ತಾರೆ. ಮಗಳನ್ನು ಅದನ್ನೂ ಕೇಳಿ ನೋಡಿ.