ಮಣ್ಣಾಗ ಆಡಾಕ ರೊಕ್ಕ ಕೊಡಬೇಕೇನು?

ಈ ಸಲ ಬಂದ ಪತ್ರಗಳಲ್ಲಿ ನರ್ಸರಿ, ಬಾಲವಾಡಿಯ ಮಾತೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕಿತ್ತು, ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ನಾಲ್ಕು ತಿಂಗಳಿಂದ ನವನಗರದ ಒಂದು ಶಾಲೆಗೆ ಹೋಗುತ್ತಿದ್ದಾಳೆ. ‘ಇಲ್ಲಿ ಮಗುವೇ ಮುಖ್ಯ, ಮಾಂಟೆಸೊರಿ ಪದ್ಧತಿ’ ಅಂತ ಬೋರ್ಡ್ ಹಾಕಿದ್ದಾರೆ. ಆದರೆ ಚೀಲದಲ್ಲಿ ಒಂದು ನೋಟ್‌ಬುಕ್ ಇಲ್ಲ, ಫ್ರಾಕಿನ ತುಂಬ ಮಣ್ಣು. ಪಕ್ಕದ ಮನೆಯ ಹುಡುಗ ಬೇರೆ ಶಾಲೆಯಲ್ಲಿ ಎಬಿಸಿಡಿ ಪೂರ್ತಿ, ನೂರರವರೆಗೆ ಅಂಕಿ ಬರೆಯುತ್ತಾನೆ. ‘ಮಣ್ಣಾಗ ಆಡಾಕ ರೊಕ್ಕ ಕೊಡಬೇಕೇನು? ನಮ್ಮ ಹಿತ್ತಲದಾಗ ಮಣ್ಣಿಲ್ಲೇನು?’ ಅಂತ ನಮ್ಮತ್ತೆ ಕೇಳುತ್ತಾರೆ. ಶಾಲೆ ಬದಲಿಸಬೇಕಾ?
— ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ನಿಮ್ಮತ್ತೆ ಕೇಳಿದ್ದು ಸರಿಯಾಗಿಯೇ ಇದೆ. ಮಣ್ಣಿಗೆ ಯಾರೂ ರೊಕ್ಕ ಕೊಡಬೇಕಾಗಿಲ್ಲ. ಮಗು ಆ ಮಣ್ಣಲ್ಲಿ ಏನು ಮಾಡುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡುವ ಶಿಕ್ಷಕಿಗೆ ಕೊಡಬೇಕು. ನಿಮ್ಮ ಶಾಲೆಯಲ್ಲಿ ಅಂಥವರು ಇದ್ದಾರಾ ಅನ್ನೋದರ ಮೇಲೆ ನನ್ನ ಉತ್ತರ ನಿಂತಿದೆ.

ಮೊದಲು ಮಣ್ಣಿನ ಮಾತು. ನಿಮ್ಮತ್ತೆ ಸಣ್ಣವರಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿಯೇ ಮಾಡಿರುತ್ತಾರೆ. ಆಷಾಢದ ಮಂಗಳವಾರ ಪೂಜೆಗೆ ಮಣ್ಣಿನ ಗುಳ್ಳವ್ವನನ್ನೂ ಮಾಡಿರುತ್ತಾರೆ. ಅವರನ್ನೇ ಕೇಳಿ ನೋಡಿ. ಎರಿ ಮಣ್ಣು ಹದಕ್ಕೆ ಬರಬೇಕು. ನೀರು ಜಾಸ್ತಿಯಾದರೆ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೋಡು ಬಿರಿಯುತ್ತದೆ. ಎರಡೂ ಕೋಡು ಒಂದೇ ಅಳತೆಗೆ ಬರಬೇಕೆಂದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳು. ಮೂರೂವರೆ ವರ್ಷದ ಮಗುವಿನ ಮಣಿಕಟ್ಟಿನಲ್ಲಿ ಎಲುಬುಗಳೇ ಇನ್ನೂ ಪೂರ್ತಿ ಆಗಿರುವುದಿಲ್ಲ. ಎಷ್ಟೋ ಭಾಗ ಕಿವಿಯ ಹಾಳೆಯ ಹಾಗೆ ಮೆತ್ತಗೇ ಇರುತ್ತದೆ. ಆ ಕೈಯಿಂದ ನೂರರವರೆಗೆ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಭುಜದ ಬಲ ಹಾಕಿ ಬರೆಯುತ್ತದೆ. ಆಮೇಲೆ ಆ ಹಿಡಿತ ಬಿಡಿಸುವುದು ಎಷ್ಟು ಕಷ್ಟ ಅಂತ ಒಂದನೇ ತರಗತಿಯ ಟೀಚರುಗಳಿಗೆ ಗೊತ್ತು.

ಪಕ್ಕದ ಮನೆಯ ಹುಡುಗ ಜಾಣನೇ ಇರಬಹುದು. ಒಮ್ಮೆ ಅವನನ್ನು ಕರೆದು ‘ಏಳು ಚಮಚ ತಗೊಂಡು ಬಾ’ ಅಂತ ಹೇಳಿ. ನೂರರವರೆಗೆ ಗಡಗಡ ಹೇಳುವ ಮಕ್ಕಳು ಚಮಚ ಎಣಿಸುವಾಗ ಒಂದನ್ನೇ ಎರಡು ಸಲ ಮುಟ್ಟುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಾಯಿಗೆ ಬಂದ ನೂರು ಇನ್ನೂ ಕೈಗೆ ಬಂದಿರುವುದಿಲ್ಲ. ನೋಟ್‌ಬುಕ್ ಇಲ್ಲ ಅನ್ನೋದಕ್ಕೆ ನೀವು ಗಾಬರಿಯಾಗಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನಲ್ಲೇ ಮೂರರಿಂದ ಆರು ವರ್ಷದವರೆಗೆ ಪಠ್ಯಪುಸ್ತಕ ಬೇಡ ಅಂತ ಹೇಳಿದೆ.

ಇನ್ನು ಬೋರ್ಡಿನ ಮಾತು. ಮಾಂಟೆಸೊರಿ ಅನ್ನೋ ಹೆಸರಿಗೆ ಯಾರ ಹಕ್ಕೂ ಇಲ್ಲ. ಇವತ್ತು ಬೋರ್ಡ್ ಬರೆಸಿದರೆ ನಾಳೆಯಿಂದ ಮಾಂಟೆಸೊರಿ ಶಾಲೆ. ಮರಿಯಾ ಮಾಂಟೆಸೊರಿ ಇಟಲಿಯ ವೈದ್ಯೆ. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಮೊದಲ ಮಕ್ಕಳ ಮನೆ ತೆರೆದರು. ಮಕ್ಕಳನ್ನು ಸುಮ್ನೆ ನೋಡುತ್ತಾ ಹೋದರು. ಯಾವುದಕ್ಕೆ ಕೈ ಹಾಕುತ್ತಾರೆ, ಯಾವುದನ್ನು ಮತ್ತೆ ಮತ್ತೆ ಮಾಡುತ್ತಾರೆ, ಯಾವಾಗ ಸಾಕು ಅನ್ನುತ್ತಾರೆ. ಆ ನೋಟದಿಂದಲೇ ಅವರ ಪದ್ಧತಿ ಹುಟ್ಟಿತು. 1939ರಲ್ಲಿ ಮದರಾಸಿಗೆ ಬಂದವರು, ಯುದ್ಧದ ಕಾಲವೆಲ್ಲ ಭಾರತದಲ್ಲೇ ಉಳಿದು ನಮ್ಮ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಅವರ ಸಾಮಾನುಗಳಲ್ಲಿ ಗುಲಾಬಿ ಗೋಪುರ ಅಂತ ಒಂದಿದೆ. ಹತ್ತು ಮರದ ಘನಗಳು, ಅತಿ ಸಣ್ಣದು 1 ಸೆಂಟಿಮೀಟರ್, ಅತಿ ದೊಡ್ಡದು 10 ಸೆಂಟಿಮೀಟರ್. ಒಂದು ತಪ್ಪಿಟ್ಟರೆ ಗೋಪುರವೇ ಮಗುವಿಗೆ ತಪ್ಪು ತೋರಿಸುತ್ತದೆ. ಟೀಚರ್ ಬಾಯಿ ಬಿಡಬೇಕಾಗಿಲ್ಲ.

ಇದೇ ಗೋಪುರವನ್ನು ನಮ್ಮ ಭಾಗದ ಒಂದು ಶಾಲೆಯಲ್ಲಿ ಗಾಜಿನ ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ದರು. ಯಾಕೆ ಅಂತ ಕೇಳಿದೆ. ‘ಮಕ್ಕಳು ಕೆಡಿಸ್ತಾವ್ರಿ, ಪೇರೆಂಟ್ಸ್ ಬಂದಾಗ ತಗೀತೀವಿ’ ಅಂದರು. ಆ ದಿನ ನನಗೆ ತುಂಬ ನೋವಾಯಿತು.

ಇನ್ನೊಂದು ಕಡೆ ನೋಡಿದ್ದನ್ನೂ ಹೇಳುತ್ತೇನೆ. ತಗಡಿನ ಶೀಟಿನ ಒಂದು ಕೋಣೆ. ನಾಲ್ಕು ವರ್ಷದ ಹುಡುಗ ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ಜೋಳ ಸುರಿಯುತ್ತಿದ್ದ. ಕೈ ತಪ್ಪಿ ಅರ್ಧ ಜೋಳ ನೆಲಕ್ಕೆ ಬಿತ್ತು. ತಟ್ಟನೆ ಟೀಚರ್ ಮುಖ ನೋಡಿದ. ಅವರು ‘ಅಯ್ಯೋ’ ಅನ್ನಲಿಲ್ಲ, ಎದ್ದೂ ಬರಲಿಲ್ಲ. ಮೊಳೆಗೆ ತೂಗು ಹಾಕಿದ್ದ ಸಣ್ಣ ಕಸಬರಿಗೆಯ ಕಡೆ ಕಣ್ಣು ಹಾಯಿಸಿದರು, ಅಷ್ಟೇ. ಮೊಳೆ ಹೊಡೆದದ್ದು ಹುಡುಗನ ಎದೆಯ ಎತ್ತರಕ್ಕೆ. ಅವನೇ ತಗೊಂಡ, ಗುಡಿಸಿದ, ಅರ್ಧ ಕಾಳನ್ನು ಕಪಾಟಿನ ಕೆಳಗೇ ತಳ್ಳಿದ. ಟೀಚರ್ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಒಂದು ಬೆರಳಿನಿಂದ ಕಪಾಟಿನ ಅಡಿ ತೋರಿಸಿದರು. ಹುಡುಗ ಹೊಟ್ಟೆ ಮೇಲೆ ಮಲಗಿ ಒಂದೊಂದೇ ಕಾಳು ಆರಿಸಿದ. ಆಮೇಲೆ ಮತ್ತೆ ಸುರಿಯಲು ಶುರು ಮಾಡಿದ. ಈ ಸಲ ಒಂದು ಕಾಳೂ ಚೆಲ್ಲಲಿಲ್ಲ. ಗೋಡೆಯ ಮೇಲೆ ಯಾವ ತತ್ವವನ್ನೂ ಬರೆದಿರಲಿಲ್ಲ. ಆದರೆ ಆ ಮೊಳೆ ಎಷ್ಟು ಎತ್ತರಕ್ಕಿರಬೇಕು ಅಂತ ಯಾರೋ ಕೂತು ಯೋಚನೆ ಮಾಡಿದ್ದರಲ್ವಾ? ಅವರೇ ಆ ಶಾಲೆಯ ತತ್ವ.

ಹಾಗಾಗಿ ನೀವು ಒಂದು ಬೆಳಗ್ಗೆ ಹತ್ತೂವರೆಗೆ ಹೋಗಿ, ಅರ್ಧ ತಾಸು ಮೂಲೆಯಲ್ಲಿ ಕೂರಲು ಅನುಮತಿ ಕೇಳಿ. ಸಾಮಾನು ಮಕ್ಕಳ ಕೈಗೆ ಎಟಕುತ್ತದಾ? ಕೋಣೆಯಲ್ಲಿ ಜಾಸ್ತಿ ಮಾತು ಯಾರದು, ಟೀಚರದಾ ಮಕ್ಕಳದಾ? ಏನಾದರೂ ಚೆಲ್ಲಿದಾಗ ಏನಾಗುತ್ತದೆ? ಸಣ್ಣ ಮಕ್ಕಳ ಆರೈಕೆ, ಶಿಕ್ಷಣಕ್ಕಾಗಿ ಮಾಡಿದ 2013ರ ರಾಷ್ಟ್ರೀಯ ನೀತಿಯ ಪ್ರಕಾರ ಈ ವಯಸ್ಸಿನ 20 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು, ಅದನ್ನೂ ಎಣಿಸಿ. ಬರುವಾಗ ಟೀಚರನ್ನು ‘ಈ ವಾರ ನನ್ನ ಮಗಳಲ್ಲಿ ಏನು ನೋಡಿದ್ರಿ?’ ಅಂತ ಕೇಳಿ. ‘ಚೆನ್ನಾಗಿದಾಳ್ರಿ, ಜಾಣಿ ಅದಾಳ’ ಅಂತ ಮುಗಿಸಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ‘ಮೂರು ದಿನದಿಂದ ಬಾಟಲಿ ಮುಚ್ಚಳ ತಿರುಗಿಸೋದೇ ಕೆಲಸ, ಎಡಗೈ ಜಾಸ್ತಿ ಬಳಸ್ತಾಳೆ, ನಿನ್ನೆ ಮೊದಲ ಸಲ ಇನ್ನೊಂದು ಮಗುವನ್ನ ಆಟಕ್ಕೆ ಕರೆದಳು’ ಅಂದರೆ ಆ ಶಾಲೆ ಬಿಡಬೇಡಿ.

ಒಂದು ಎಚ್ಚರಿಕೆ. ಮಕ್ಕಳನ್ನು ಮಣ್ಣಿಗೆ ಬಿಟ್ಟು ಟೀಚರುಗಳು ಬಾಗಿಲಲ್ಲಿ ಮೊಬೈಲ್ ನೋಡುತ್ತಾ ನಿಂತಿದ್ದರೆ ನಿಮ್ಮತ್ತೆಯ ಮಾತೇ ಗೆಲ್ಲುತ್ತದೆ. ಅಷ್ಟಕ್ಕೆ ಹಿತ್ತಲೇ ಸಾಕು.

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕಿನ ಹಳ್ಳಿ. ಊರಲ್ಲಿ ಅಂಗನವಾಡಿ ಬಿಟ್ಟರೆ ಬೇರೇನಿಲ್ಲ. ಹದಿನಾಲ್ಕು ಕಿಲೋಮೀಟರ್ ದೂರದ ಇಂಗ್ಲಿಷ್ ನರ್ಸರಿಗೆ ವ್ಯಾನ್ ಬರುತ್ತದೆ. ಮಗನಿಗೆ ಮೂರು ತುಂಬಿದೆ. ಮಗುವನ್ನು ನಡುವೆ ಇಟ್ಟು ಕಲಿಸುವುದೆಲ್ಲ ಪೇಟೆಯ ಶಾಲೆಗಳಲ್ಲಿ ಮಾತ್ರ ಅಲ್ವಾ?
— ಒಬ್ಬ ರೈತ, ವಿಜಯಪುರ ಜಿಲ್ಲೆ

ಉತ್ತರ: ಅಣ್ಣಾರೆ, ಅಲ್ಲ. ಅಂಗನವಾಡಿ ಅನ್ನೋ ಮಾತು ಹುಟ್ಟಿದ್ದೇ ಆ ಯೋಚನೆಯಿಂದ. ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಆಮೇಲೆ ಅನುತಾಯಿ ವಾಘ್ ಅವರನ್ನು ಕೂಡಿಕೊಂಡು ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದ ಕಡೆ ಹೋದರು. ಅಲ್ಲಿನ ಆದಿವಾಸಿ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಹಾಗಾದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂದರು. ದುಬಾರಿ ಸಾಮಾನಿನ ಜಾಗದಲ್ಲಿ ಕಲ್ಲು, ಎಲೆ, ಬೀಜ ಬಂದವು. ಸರ್ಕಾರದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಈಗ ನಮ್ಮ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಅನ್ನೋ ಪಠ್ಯಕ್ರಮವೂ ಇದೆ. ಹಾಡು, ಕಥೆ, ಆಟದ ಮೇಲೆ ನಿಂತದ್ದು.

ಮೂರು ವರ್ಷದ ಮಗು ದಿನಾ ಎರಡು ಸಲ ವ್ಯಾನಿನಲ್ಲಿ ಹದಿನಾಲ್ಕು ಕಿಲೋಮೀಟರ್ ಕೂರುವುದು ನನಗೆ ಸರಿ ಕಾಣುವುದಿಲ್ಲ. ಹೋದ ಮೇಲೂ ಅದಕ್ಕೆ ‘ನೀರಡಿಕಿ ಆಗೇತಿ’ ಅಂತ ಹೇಳಲು ಸಂಕೋಚ. ಆ ಮಾತಿಗೆ ಇಂಗ್ಲಿಷ್ ಗೊತ್ತಿಲ್ಲ, ತನ್ನ ಮಾತಲ್ಲಿ ಹೇಳಿದರೆ ಬೈಗುಳ. ಹೀಗೆ ಸುಮ್ಮನಾಗಿ ಹೋದ ಮಕ್ಕಳನ್ನು ಮತ್ತೆ ಮಾತಾಡಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಹಾಗಂತ ಎಲ್ಲ ಅಂಗನವಾಡಿಯೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಕಾರ್ಯಕರ್ತೆಯ ತಲೆ ಮೇಲೆ ತೂಕ ನೋಡುವುದು, ಊಟ, ಸರ್ವೆ, ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರದ ಆ್ಯಪ್ ತುಂಬುವುದು, ಎಲ್ಲ ಇದೆ. ಮಕ್ಕಳ ಜೊತೆ ಕೂರಲು ಸಮಯ ಸಿಗುವುದೇ ಕಷ್ಟ. ನೀವು ಅಂಗನವಾಡಿಯ ಬಾಲ ವಿಕಾಸ ಸಮಿತಿಯ ಸಭೆಗೆ ಹೋಗಿ. ಎರಡು ಬುಟ್ಟಿ ಎರಿ ಮಣ್ಣು, ಗಜ್ಜುಗ, ಹುಣಸೆ ಬೀಜ, ಗೋವಿನಜೋಳದ ದಂಟು ತಂದುಕೊಡಿ. ಊರಲ್ಲಿ ಕಥೆ ಹೇಳುವ ಅಜ್ಜಿ ಇದ್ದರೆ ವಾರಕ್ಕೊಮ್ಮೆ ಕರೆತನ್ನಿ.

ಪ್ರಶ್ನೆ: ಬಿಎ ಮುಗಿಸಿದ್ದೇನೆ. ಮನೆಮಾತು ಮರಾಠಿ, ಓದಿದ್ದು ಕನ್ನಡದಲ್ಲಿ. ಬೆಳಗಾವಿಯ ಒಂದು ಪ್ರೀಸ್ಕೂಲಿನಲ್ಲಿ ಟೀಚರ್ ಕೆಲಸ ಸಿಗುವ ಹಾಗಿದೆ. ‘ಸಣ್ಣ ಮಕ್ಕಳ ಕೂಡ ಆಡೂದಕ್ಕ ಟ್ರೇನಿಂಗ್ ಯಾಕ?’ ಅಂತ ಎಲ್ಲರೂ ನಗುತ್ತಾರೆ. ಏನು ಕಲಿಯಬೇಕು?
— ಬೆಳಗಾವಿಯಿಂದ

ಉತ್ತರ: ತಂಗೀ, ನಗುವವರು ಇಪ್ಪತ್ತು ಮಕ್ಕಳ ಜೊತೆ ಒಂದು ತಾಸು ಇದ್ದು ಬರಲಿ.

ಡಿಪ್ಲೊಮಾ ಆಮೇಲೆ ಮಾಡಿಕೊಳ್ಳುವಿರಂತೆ, ಮಾಡಲೇಬೇಕು. ಆದರೆ ಮೊದಲ ದಿನದಿಂದಲೇ ಜೇಬಿನಲ್ಲಿ ಹಿಡಿಯುವಂಥ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಇಬ್ಬರೇ ಮಕ್ಕಳು, ಒಬ್ಬರಿಗೆ ಹತ್ತು ನಿಮಿಷ. ಕಂಡದ್ದನ್ನು ಮಾತ್ರ ಬರೆಯಿರಿ. ‘ಹಟಮಾರಿ’ ಅಂತ ಬರೆಯಬೇಡಿ. ‘ಚಾಪೆ ಮಡಚು ಅಂದಾಗ ಎರಡು ಸಲ ತಲೆ ಅಲ್ಲಾಡಿಸಿದ, ಮೂರನೇ ಸಲ ಕಿಟಕಿಗೆ ಹೋಗಿ ನಿಂತ’ ಅಂತ ಬರೆಯಿರಿ. ಮೂರು ವಾರ ಹೀಗೆ ಬರೆದರೆ, ಆ ಹುಡುಗ ಬೇಡ ಅನ್ನುವುದು ಚಾಪೆಗಲ್ಲ, ಪಕ್ಕದಲ್ಲಿ ಶುರುವಾಗುವ ಜೋರು ಹಾಡಿಗೆ ಅಂತ ನಿಮಗೇ ಗೊತ್ತಾಗಬಹುದು. ನನಗೆ ಒಬ್ಬ ಹುಡುಗನ ವಿಷಯದಲ್ಲಿ ಹಾಗೇ ಗೊತ್ತಾಯಿತು. ಅಲ್ಲಿಯವರೆಗೆ ನಾನೂ ಅವನನ್ನು ಹಟಮಾರಿ ಅಂತಲೇ ಅಂದುಕೊಂಡಿದ್ದೆ.

ನಿಮ್ಮ ಎರಡು ಭಾಷೆ ಬೆಳಗಾವಿಯಲ್ಲಿ ದೊಡ್ಡ ಆಸ್ತಿ. ಒಂದೇ ಕೋಣೆಯಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವ ಮಕ್ಕಳಿರುತ್ತಾರೆ. ಮಗು ‘ಪಾಣಿ’ ಅಂದರೆ ತಿದ್ದಬೇಡಿ. ‘ಪಾಣಿ ಬೇಕಾ? ತಗೋ ನೀರು’ ಅನ್ನಿ. ಎರಡೂ ಮಾತು ಅದರ ಕಿವಿಗೆ ಬೀಳುತ್ತದೆ.

ಸಂಬಳದ ಮಾತನ್ನೂ ಮುಚ್ಚಿಡುವುದಿಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಕೊಡುವುದು ತೀರಾ ಕಡಿಮೆ, ಅದು ಅನ್ಯಾಯ. ನೇಮಕದ ಪತ್ರ ಕೇಳಿ ಪಡೆಯಿರಿ. ಬೇಸಿಗೆ ರಜೆಯ ಸಂಬಳ ಇದೆಯಾ ಅಂತ ಮೊದಲೇ ಕೇಳಿ. ಅದಿಲ್ಲದೆ ಟೀಚರುಗಳು ಪ್ರತಿ ಜೂನಿಗೆ ಬಿಟ್ಟುಹೋಗುತ್ತಾರೆ, ಮಕ್ಕಳು ಮತ್ತೆ ಹೊಸ ಮುಖದ ಮುಂದೆ ಅಳುತ್ತಾ ನಿಲ್ಲುತ್ತಾರೆ.

ಪ್ರಶ್ನೆ: ಮೊಮ್ಮಗ ಶಾಲೆಯ ಗೇಟಿನಲ್ಲಿ ದಿನಾ ಅಳುತ್ತಾನೆ. ‘ನೋಡದಂಗ ಹೋಗಿಬಿಡ್ರಿ’ ಅನ್ನುತ್ತಾರೆ ಬಾಯಾರು (ಟೀಚರ್). ಸರಿಯೇ?
— ಒಬ್ಬ ಅಜ್ಜ, ವಿಜಯಪುರ

ಉತ್ತರ: ಅಜ್ಜಾರೆ, ಕದ್ದು ಹೋಗಬೇಡಿ. ತಿರುಗಿ ನೋಡಿದಾಗ ನೀವಿಲ್ಲದಿದ್ದರೆ ನಾಳೆ ಅವನು ನಿಮ್ಮ ಧೋತ್ರದ ಚುಂಗು ಬಿಡುವುದೇ ಇಲ್ಲ. ‘ಉಂಡ ಮ್ಯಾಲೆ ಬರ್ತೀನಿ’ ಅಂತ ಹೇಳಿ, ಒಂದೇ ಸಲ ಹೇಳಿ, ಹೊರಡಿ. ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಗೇಟಿನಲ್ಲಿರಿ. ಹೆಗಲ ಮೇಲಿನ ನಿಮ್ಮ ವಸ್ತ್ರವನ್ನು ಕೆಲವು ದಿನ ಅವನ ಕೈಗೆ ಕೊಟ್ಟು ಬನ್ನಿ, ಅದರಲ್ಲಿ ನಿಮ್ಮ ವಾಸನೆ ಇರುತ್ತದೆ. ಅದನ್ನು ಚೀಲದೊಳಗೆ ಇಡಿಸದೆ ಅವನ ಹತ್ತಿರವೇ ಬಿಡಿ ಅಂತ ಬಾಯಾರಿಗೆ ನೀವೇ ಹೇಳಿ.